ಸ್ಪಷ್ಟನೆ: ತಾಯಿಯ ಕಡೆಯ ಹೃದ್ರೋಗವೂ ಲೆಕ್ಕಕ್ಕೆ ಬರುತ್ತದೆ

‘ಹೃದಯಾಘಾತ, ಪಾರ್ಶ್ವವಾಯು ತಂದೆಯ ವಂಶದಿಂದ ಮಾತ್ರ ಬರುತ್ತವೆ, ತಾಯಿಯ ತವರಿನವರ ಕಾಯಿಲೆ ಲೆಕ್ಕಕ್ಕಿಲ್ಲ’ ಎಂಬ ಸಂದೇಶ ಬಾಗಲಕೋಟೆ, ಇಳಕಲ್ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಶುದ್ಧ ತಪ್ಪು, ಅಪಾಯಕಾರಿ ಕೂಡ.

ವಂಶವಾಹಿಗಳು ತಂದೆ, ತಾಯಿ ಇಬ್ಬರಿಂದಲೂ ಬರುತ್ತವೆ. ವೈದ್ಯರು ಮುಖ್ಯವಾಗಿ ಕೇಳುವುದು ವಯಸ್ಸನ್ನು. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕಿಂತ ಮೊದಲು, ತಾಯಿಗೆ ಅಥವಾ ಅಕ್ಕತಂಗಿಯರಿಗೆ 65ಕ್ಕಿಂತ ಮೊದಲು ಹೃದ್ರೋಗ ಬಂದಿದ್ದರೆ ನಿಮ್ಮ ಅಪಾಯ ಹೆಚ್ಚು. 85ರ ಅಜ್ಜನಿಗೆ ಬಂದ ಆಘಾತಕ್ಕೆ ಅಷ್ಟು ತೂಕವಿಲ್ಲ.

ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ನಮ್ಮ ಭಾಗದಲ್ಲಿ ಸಾಮಾನ್ಯ. ಅಂಥ ಮನೆಗಳಲ್ಲಿ ತಂದೆಯ ಕಡೆ, ತಾಯಿಯ ಕಡೆ ಎಂಬ ಗೆರೆಯನ್ನು ಎಲ್ಲಿ ಎಳೆಯುವುದು? ಹುಟ್ಟಿನಿಂದಲೇ ಕೆಟ್ಟ ಕೊಲೆಸ್ಟರಾಲ್ ಏರಿಸುವ ಒಂದು ವಂಶವಾಹಿ ದೋಷವಿದೆ. ಹೆತ್ತವರಲ್ಲಿ ಒಬ್ಬರಿಗೆ ಅದಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ಇಬ್ಬರಿಂದಲೂ ಪಡೆದ ಮಗುವಿಗೆ ಚಿಕಿತ್ಸೆ ಸಿಗದಿದ್ದರೆ ಹದಿಹರೆಯದಲ್ಲೇ ಹೃದ್ರೋಗ ಬರಬಹುದು.

ಹಾಗೆಂದು ‘ಹಣೆಬರಹ’ ಎಂದು ದಯವಿಟ್ಟು ಕೈಚೆಲ್ಲಬೇಡಿ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಹತೋಟಿಯಲ್ಲಿದ್ದರೆ, ತಂಬಾಕು ಬಿಟ್ಟರೆ ಅಪಾಯ ನಿಜಕ್ಕೂ ತಗ್ಗುತ್ತದೆ. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಸಕ್ಕರೆ ತಪಾಸಣೆ ಉಚಿತ.