‘ಒಂದೇ ಸಲದ ಖರ್ಚು’ ನಾಲ್ಕು ವರ್ಷ ಬಂದರೆ

ಬಾಸ್ಟನ್ನಿನ ವೇಫೇರ್ ಆನ್‌ಲೈನ್‌ನಲ್ಲಿ ಸೋಫಾ, ಮಂಚ, ಕಾರ್ಪೆಟ್ ಮಾರುವ ಕಂಪನಿ. 2022ರ ಆಗಸ್ಟಿನಲ್ಲಿ ಸುಮಾರು 870, 2023ರ ಜನವರಿಯಲ್ಲಿ 1,750, 2024ರ ಜನವರಿಯಲ್ಲಿ 1,650 ಜನರನ್ನು ಕೆಲಸದಿಂದ ತೆಗೆಯಿತು. 2025ರ ಜನವರಿಯಲ್ಲಿ ಜರ್ಮನಿಯ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಕೆಲಸ ಕಳೆದುಕೊಂಡವರಿಗೆ ಕೊಡುವ ಹಣ ಪ್ರತಿ ಸಲವೂ ‘ಪುನರ್‌ರಚನೆ ವೆಚ್ಚ’ದ ಸಾಲಿಗೆ ಸೇರುತ್ತದೆ. ಕಂಪನಿ ಎದೆಯುಬ್ಬಿಸಿ ಹೇಳುವ ಅಡ್ಜಸ್ಟೆಡ್ ಎಬಿಟ್‌ಡಾದಲ್ಲಿ, ಅಂದರೆ ಬಡ್ಡಿ, ತೆರಿಗೆ, ಸವಕಳಿಗಳ ಜೊತೆಗೆ ಇನ್ನೂ ಕೆಲವು ಖರ್ಚುಗಳನ್ನು ಕಳೆಯದೆ ತೋರಿಸುವ ಲಾಭದಲ್ಲಿ, ಆ ಸಾಲಿಗೆ ಜಾಗವಿಲ್ಲ. ವರ್ಷವರ್ಷವೂ ಬರುವ ಗೌರಿ-ಗಣೇಶ ಹಬ್ಬದ ಖರ್ಚನ್ನು ‘ವಿಶೇಷ’ ಎಂದು ಮನೆಲೆಕ್ಕದಿಂದ ಬಿಟ್ಟ ಹಾಗೆ.

2023ರ ಲೆಕ್ಕ ನೋಡಿ. ಮಾರಾಟ ಸುಮಾರು 1,200 ಕೋಟಿ ಡಾಲರ್. ಅಡ್ಜಸ್ಟೆಡ್ ಎಬಿಟ್‌ಡಾ 30.6 ಕೋಟಿ ಡಾಲರ್ ಲಾಭ, ನಿವ್ವಳ ಲೆಕ್ಕದಲ್ಲಿ 73.8 ಕೋಟಿ ಡಾಲರ್ ನಷ್ಟ. ಎರಡರ ನಡುವೆ ನೂರು ಕೋಟಿಗೂ ಮೀರಿದ ಕಂದಕ. ಹೂಡಿಕೆದಾರರ ಅನುಮಾನ ಹುಟ್ಟುವುದು ಅಲ್ಲೇ.

ಕಂದಕದಲ್ಲಿ ದೊಡ್ಡ ಪಾಲು ನೌಕರರಿಗೆ ಕೊಡುವ ಷೇರಿನದು. ‘ನಗದು ಹೋಗಲಿಲ್ಲವಲ್ಲ’ ಎನ್ನುವುದು ಆಡಳಿತದವರ ವಾದ. ಅಮೆರಿಕದಲ್ಲಿ ಐಟಿ ಕೆಲಸ ಮಾಡುವ ಯಾವ ಕನ್ನಡಿಗರನ್ನಾದರೂ ಕೇಳಿ, ಆರ್‌ಎಸ್‌ಯು (ಕೆಲಸದಲ್ಲಿ ಉಳಿದವರಿಗೆ ಕಂತುಕಂತಾಗಿ ಕೈಸೇರುವ ಕಂಪನಿಯ ಷೇರು) ಅವರಿಗೆ ಸಂಬಳವೇ. ಷೇರು ಕೈಸೇರಿದ ದಿನ ತೆರಿಗೆ ಇಲಾಖೆಯೂ ಹಾಗೇ ಎಣಿಸುತ್ತದೆ. ಕೊಡುವವರಿಗೆ ಮಾತ್ರ ಅದು ಖರ್ಚಲ್ಲವಂತೆ! ನಗದು ಉಳಿದರೂ ಷೇರುಗಳ ಸಂಖ್ಯೆ ಬೆಳೆದು ಹಳೆ ಷೇರುದಾರನ ಪಾಲು ಕರಗುತ್ತದೆ.

ಇನ್ನೊಂದು ಕಡೆ ಕಣ್ಣು ಹೋಗುವುದು ಕಡಿಮೆ. ಸಾಫ್ಟ್‌ವೇರ್ ಬರೆಯುವವರ ಸಂಬಳದ ಒಂದು ಭಾಗವನ್ನು ಆಸ್ತಿಯೆಂದು ಬರೆದು, ಮುಂದಿನ ವರ್ಷಗಳಲ್ಲಿ ಸವಕಳಿಯಾಗಿ ಕಳೆಯುತ್ತಾರೆ. ಎಬಿಟ್‌ಡಾ ಸವಕಳಿಗಿಂತ ಮುಂಚಿನ ಲೆಕ್ಕವಾದ್ದರಿಂದ ಆ ಸಂಬಳ ಅಲ್ಲಿ ಎಂದೂ ಕಾಣಿಸುವುದೇ ಇಲ್ಲ. ಅದು ಸಿಗುವುದು ನಗದು ಹರಿವಿನ ಪಟ್ಟಿಯಲ್ಲಿ, ಹೂಡಿಕೆ ವಿಭಾಗದ ಕೆಳಗೆ.

ನಗದು ಹರಿವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇಂಥ ಕಂಪನಿಗೆ ಗಿರಾಕಿ ಮೊದಲೇ ದುಡ್ಡು ಕೊಡುತ್ತಾನೆ, ಸರಕು ಕೊಟ್ಟವನಿಗೆ ಕಂಪನಿ ವಾರಗಳ ನಂತರ ಕೊಡುತ್ತದೆ. ಮಾರಾಟ ಏರುವಾಗ ಪೆಟ್ಟಿಗೆ ತಾನಾಗಿಯೇ ತುಂಬುತ್ತದೆ. ಇಳಿಯತೊಡಗಿದರೆ ಹಳೆ ಬಾಕಿ ತೀರಿಸುವುದರಲ್ಲೇ ಬರಿದಾಗುತ್ತದೆ. ಮಾರಾಟ ಏರುವ ಡಿಸೆಂಬರ್ ತ್ರೈಮಾಸಿಕ ಒಂದನ್ನೇ ನೋಡಿ ಬೀಗಬಾರದು, ನಾಲ್ಕನ್ನೂ ಕೂಡಿಸಬೇಕು.

ಕಡಿತ ಸುಳ್ಳೆಂದು ನಾನು ಹೇಳುವುದಿಲ್ಲ. 2022ರಲ್ಲಿ 133 ಕೋಟಿ ಡಾಲರ್ ಇದ್ದ ನಿವ್ವಳ ನಷ್ಟ 2024ಕ್ಕೆ 49.2 ಕೋಟಿಗೆ ಇಳಿಯಿತು. ಆದರೆ 2020ರ ಕೊನೆಗೆ 3.12 ಕೋಟಿ ಇದ್ದ ಸಕ್ರಿಯ ಗ್ರಾಹಕರು 2024ಕ್ಕೆ 2.14 ಕೋಟಿ. ಕೊಬ್ಬು ಕರಗಿತೋ, ಮಾಂಸವೂ ಹೋಯಿತೋ?

ನಮ್ಮ ಕಡೆಯ ರೀತಿ ಬೇರೆ. ಭಾರತದ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿ ಪೇಟೆಯ ನಿಯಂತ್ರಕ ಸೆಬಿಯ ನಮೂನೆಯಲ್ಲೇ ಫಲಿತಾಂಶ ಕೊಡಬೇಕು. ‘ಅಸಾಧಾರಣ ಬಾಬ್ತು’ಗಳಿಗೆ ತೆರಿಗೆಪೂರ್ವ ಲಾಭಕ್ಕಿಂತ ಮೇಲೆ ಒಂದು ಸಾಲು, ಅದನ್ನು ದಾಟಿಯೇ ನಿವ್ವಳ ಲಾಭ ತಲುಪಬೇಕು. ಬೆಂಗಳೂರಿನ ಇನ್ಫೋಸಿಸ್ ಮುಂದಿಡುವ ಕಾರ್ಯಾಚರಣೆ ಮಾರ್ಜಿನ್ (ಆದಾಯದಲ್ಲಿ ವ್ಯವಹಾರದ ಖರ್ಚು ಕಳೆದು ಉಳಿಯುವ ಶೇಕಡಾವಾರು ಲಾಭ) ಲೆಕ್ಕದಲ್ಲಿ ನೌಕರರ ಷೇರಿನ ಖರ್ಚೂ ಕಳೆದಿರುತ್ತದೆ. ಎಷ್ಟು ಜನರಿದ್ದಾರೆ, ಎಷ್ಟು ಜನ ಬಿಟ್ಟರು ಎಂದು ಪ್ರತಿ ತ್ರೈಮಾಸಿಕವೂ ಹೇಳುತ್ತದೆ. ಅಮೆರಿಕದ ಕಂಪನಿಗಳಿಗೆ ನೌಕರರ ಸಂಖ್ಯೆ ವರ್ಷಕ್ಕೊಮ್ಮೆ ಹೇಳಿದರೆ ಸಾಕು. ಹೀಗಾದರೆ ಕಡಿತದ ನಂತರ ಹಿಂಬಾಗಿಲಿಂದ ಮತ್ತೆ ನೇಮಕವಾಯಿತೇ ಎಂದು ಹಿಡಿಯುವುದು ಹೇಗೆ?

ಹಾಗೆಂದು ಊರಿನದೇ ಮೇಲೆಂದು ಹೊಗಳಿಕೊಳ್ಳುವ ಹಾಗಿಲ್ಲ. 2022ರ ಡಿಸೆಂಬರ್ ತ್ರೈಮಾಸಿಕದಲ್ಲಿ ಪೇಟಿಎಂ ‘ಇಸಾಪ್ (ನೌಕರರಿಗೆ ಕೊಡುವ ಷೇರು) ಖರ್ಚಿಗೆ ಮುಂಚಿನ ಎಬಿಟ್‌ಡಾ’ 31 ಕೋಟಿ ರೂಪಾಯಿ ಎಂದು ಸಂಭ್ರಮಿಸಿತು. ಆಗ ನಿವ್ವಳ ನಷ್ಟ 392 ಕೋಟಿ. ಅಮೆರಿಕದಲ್ಲಾದರೆ 2003ರಿಂದ ಇರುವ ‘ರೆಗ್ಯುಲೇಷನ್ ಜಿ’ ನಿಯಮದ ಪ್ರಕಾರ ಇಂಥ ಸಂಖ್ಯೆಯ ಜೊತೆಗೆ ಅಧಿಕೃತ ಲೆಕ್ಕಕ್ಕೆ ತಾಳೆ ಹಾಕುವ ಪಟ್ಟಿ ಕಡ್ಡಾಯ. ಪತ್ರಿಕಾ ಪ್ರಕಟಣೆಯ ಕೊನೆಯ ಪುಟಗಳಲ್ಲಿರುವ ಆ ಪಟ್ಟಿಯನ್ನೇ ಮೊದಲು ಓದಿ.

2024ರ ಕಡಿತದಿಂದ ವರ್ಷಕ್ಕೆ 28 ಕೋಟಿ ಡಾಲರಿಗೂ ಹೆಚ್ಚು ಉಳಿತಾಯವೆಂದು ವೇಫೇರ್ ಘೋಷಿಸಿತ್ತು. ಅದರಲ್ಲಿ ನಗದು ಸಂಬಳ ಎಷ್ಟು, ಷೇರು ಎಷ್ಟು, ಆಸ್ತಿಯೆಂದು ಬರೆಯಬೇಕಿದ್ದ ಸಾಫ್ಟ್‌ವೇರ್ ಸಂಬಳ ಎಷ್ಟು ಎಂದು ಮೂರಾಗಿ ಒಡೆದು ಕೇಳಿ. ನಗದಿನ ಪಾಲನ್ನಷ್ಟೇ ಮುಂದಿನ ನಾಲ್ಕು ತ್ರೈಮಾಸಿಕಗಳ ಖರ್ಚಿನ ಸಾಲಿಗೆ ಹೋಲಿಸಿ.