ಮಾರ್ಚ್ 30ರ ಗುರಿ

ಮೊನ್ನೆ ಮಾರ್ಚ್ 30ಕ್ಕೆ ನನಗೆ ಗುರಿಯೇ ಇಲ್ಲ ಅಂತ ಗೊತ್ತಾಯಿತು. ಅಲ್ಲಿಯವರೆಗೆ ಆರಾಮಾಗೇ ಇದ್ದೆ.

ಚನ್ನಪಟ್ಟಣದಲ್ಲಿ ನಮ್ಮದೊಂದು ಬೊಂಬೆ ಕಾರ್ಖಾನೆ. ಕಾರ್ಖಾನೆ ಅಂದರೆ ಒಂದು ಶೀಟಿನ ಮನೆ, ಮರ ತಿರುಗಿಸಿ ಕಡೆಯುವ ಎರಡು ಲೇತು, ನಾನು, ನನ್ನ ಹೆಂಡತಿ, ಕೆಲಸಕ್ಕೆ ಬರುವ ಇಬ್ಬರು ಅಕ್ಕಂದಿರು. ಹಿಂದಿನ ದಿನ ಸಂಜೆ ಫೋನು ಬಂತು. ‘ನಾಳೆ ಕುಶಲಕರ್ಮಿಗಳಿಗೆ ವಾರ್ಷಿಕ ಗುರಿ ನಿಗದಿ ತರಬೇತಿ. ಬರಲೇಬೇಕು. ಊಟ ಇದೆ.’ ಗುರಿ ಏನು ಅಂತ ತಿಳಿಯಲಿಲ್ಲ, ಊಟ ತಿಳಿಯಿತು. ಹೋದೆ.

ತರಬೇತಿ ಕೊಡುವವರು ಬೆಂಗಳೂರಿನಿಂದ ಬಂದಿದ್ದರು. ಚಿಕ್ಕ ವಯಸ್ಸು, ಭಾರಿ ಹುರುಪು. ಗೋಡೆ ಮೇಲೆ ಏಣಿ ಹತ್ತುವ ಮನುಷ್ಯನ ಚಿತ್ರ ಬಿತ್ತು. ‘ಗುರಿ ಸ್ಮಾರ್ಟ್ ಆಗಿರಬೇಕು, ಇಂಥ ದಿನದೊಳಗೆ ಅಂತ ಇರಬೇಕು’ ಅಂದರು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿದರು.

‘ಐದು ವರ್ಷ ಆದಮೇಲೆ ನೀವು ಎಲ್ಲಿರ್ತೀರಿ?’

‘ಇಲ್ಲೇ ಸಾರ್, ಲೇತ್ ಮುಂದೆ. ಮಂಡಿ ಒಪ್ಪಿದರೆ’ ಅಂದರು ನಮ್ಮ ಬೀದಿಯ ಭಾಯ್. ಅವರಿಗೆ ಅರವತ್ತು ದಾಟಿದೆ.

‘ದೊಡ್ಡದಾಗಿ ಯೋಚನೆ ಮಾಡಿ!’

ಭಾಯ್ ಯೋಚನೆ ಮಾಡಿದರು. ‘ಹಂಗಾದ್ರೆ ದೊಡ್ಡ ಲೇತ್.’

ನನ್ನ ಸರದಿ ಬಂತು. ದಿನಕ್ಕೆ ಅರವತ್ತು ಗಿಲಕಿ ಮಾಡ್ತೀವಿ ಅಂದೆ. ‘ಡಬಲ್ ಮಾಡಿ’ ಅಂತ ಅವರೇ ಬರೆದುಕೊಂಡರು. ಮುನ್ನೂರು ದಿನಕ್ಕೆ 36,000. ಗೋಡೆ ಮೇಲೆ ನೋಡಿದರೆ ನನಗೇ ಭಯವಾಯಿತು.

ಆದರೆ ಇದನ್ನು ಮರಕ್ಕೂ ಹೇಳಬೇಕಲ್ವಾ? ಬೊಂಬೆಗೆ ಬೇಕಾದ ಆಲೆ ಮರ ಕಡಿದು ತಂದರೆ ತಿಂಗಳುಗಟ್ಟಲೆ ಒಣಗಬೇಕು. ಮಳೆ ಹಿಡಿದರೆ ಇನ್ನೂ ತಡ. ಹಸಿ ಮರದಲ್ಲಿ ಮಾಡಿದ್ದು ಆಮೇಲೆ ಬಿರುಕು ಬಿಡುತ್ತದೆ. ಒಣಗಿದ ಮೇಲೂ ಅವಸರ ನಡೆಯಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಬೇಕು. ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಕೂರುತ್ತದೆ. ಒತ್ತಡ ಒಂಚೂರು ಆಚೀಚೆ ಆದರೂ ಬಣ್ಣ ಪಟ್ಟೆಪಟ್ಟೆ. ಕೊನೆಗೆ ತಾಳೆಗರಿ ಹಿಡಿದು ತಿಕ್ಕಬೇಕು, ಹೊಳಪು ಬರುವವರೆಗೂ. ಅರಗು ಹಿಡಿಯುವ ಕೈ ನಮ್ಮ ಮನೆಯಲ್ಲಿ ನನ್ನ ಹೆಂಡತಿಯದು. ಅವಳನ್ನು ಡಬಲ್ ಮಾಡೋದು ಹೇಗೆ?

ಇಷ್ಟನ್ನೂ ಹೇಳಿದೆ. ‘ಅದನ್ನ ಸ್ಕೇಲ್ ಮಾಡೋಕಾಗಲ್ವಾ?’ ಅಂತ ಕೇಳಿದರು. ಭಾಯ್ ಜೇಬಿನಿಂದ ಸ್ಕೇಲು ತೆಗೆದು ಕೊಟ್ಟರು.

ಫಾರಂನಲ್ಲಿ ‘ಅಡೆತಡೆ’ ಅಂತ ಒಂದು ಕಾಲಂ ಇತ್ತು. ‘ರಸ್ತೆ’ ಅಂತ ಬರೆದೆ. ಮೊದಲು ಬೆಂಗಳೂರು–ಮೈಸೂರು ಗಾಡಿಗಳೆಲ್ಲ ನಮ್ಮ ಊರೊಳಗಿಂದಲೇ ಹೋಗುತ್ತಿದ್ದವು. ಮದ್ದೂರಿನಲ್ಲಿ ವಡೆ, ಇಲ್ಲಿ ಬೊಂಬೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದು ಊರಾಚೆ ಹೋಗುತ್ತದೆ. ನೂರರ ಸ್ಪೀಡಿನಲ್ಲಿ ಹೋಗುವವರಿಗೆ ಗಿಲಕಿ ಸದ್ದು ಎಲ್ಲಿ ಕೇಳಬೇಕು? ಒಳ್ಳೆಯದು ಬಂದರೂ ಹಂಗೇ, ಹೇಳದೆ ಕೇಳದೆ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಮರದ ಆಟಿಕೆಯ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ನಾನೇನು ಅದಕ್ಕೆ ಗುರಿ ಇಟ್ಟಿರಲಿಲ್ಲ.

‘ಇವೆಲ್ಲ ಹೊರಗಿನ ವಿಷಯ. ನಿಮ್ಮ ಕೈಯಲ್ಲಿ ಇರೋದನ್ನ ಮಾತ್ರ ಬರೀರಿ’ ಅಂದರು. ಕೈಯಲ್ಲಿ ಅವರು ಕೊಟ್ಟ ಪೆನ್ನಿತ್ತು.

ಊಟದ ಹೊತ್ತಿಗೆ ಅಸಲಿ ಗುರಿ ಹೊರಬಿತ್ತು. ಪಟ್ಟಿಯಲ್ಲಿ ಐವತ್ತು ಜನ ಇರಬೇಕಂತೆ. ನಾವಿದ್ದದ್ದು ಮೂವತ್ತೊಂದು. ಮಾರನೇ ದಿನಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಖರ್ಚಾಗದ ದುಡ್ಡು ವಾಪಸ್ ಹೋಗುತ್ತದೆ. ಸಂಘಟಕರು ಬೆವರು ಒರೆಸಿಕೊಂಡು ಬೀದಿಗೆ ಇಳಿದರು. ಆಟೋದವರು ಬಂದರು, ಝೆರಾಕ್ಸ್ ಅಂಗಡಿಯವರು ಬಂದರು, ಪಾತ್ರೆ ತೊಳೆಯುತ್ತಿದ್ದ ಅಡುಗೆಯವರೂ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು. ಐವತ್ತನೆಯವನು ಟೀ ಅಂಗಡಿಯವನು. ಕೆಟಲ್ ಕೆಳಗಿಟ್ಟು ಅವನೂ ಕುಶಲಕರ್ಮಿಯಾದ. ಒಂದೇ ದಿನದ ತರಬೇತಿಗೆ ಎರಡು ದಿನದ ಸಹಿ ಹಾಕಿದೆವು. ಫೋಟೋ ಆಯಿತು. ಇಡೀ ವರ್ಷದ ಗುರಿಯನ್ನು ಒಂದೇ ಮಧ್ಯಾಹ್ನದಲ್ಲಿ ಮುಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ.

ಟೀ ಅಂಗಡಿಯವನೂ ಫಾರಂ ತುಂಬಿದ್ದ. ಈ ವರ್ಷದ ಗುರಿ: ‘ಇವತ್ತಿನ ಟೀ ದುಡ್ಡು ವಸೂಲಿ’. ಅದನ್ನು ಓದಿ ತರಬೇತುದಾರರು ಚಪ್ಪಾಳೆ ಹೊಡೆಸಿದರು.

ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದ. ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಾನಂತೆ, ಟೀ ದುಡ್ಡಿಗೆ ಸಂಘಟಕರ ಕಚೇರಿಗೆ ಅಲೆಯುವಾಗ ತೋರಿಸೋಕೆ.

‘ಬಂತೇನಪ್ಪಾ ದುಡ್ಡು?’ ಅಂದೆ.

‘ಇಲ್ಲಣ್ಣ. ನಿಮ್ಮದು ಎಷ್ಟಾಯ್ತು, ಮೂವತ್ತಾರು ಸಾವಿರ?’