ಬಸ್ಸೂ ಬೇಕು, ಸ್ಕೂಟರೂ ಬೇಕು

ಉಚಿತ ಬಸ್ ಇದ್ದಮೇಲೆ ಹೆಂಗಸರಿಗೆ ಸ್ವಂತ ಸ್ಕೂಟರ್ ಯಾಕೆ ಅಂತ ಲೇಖನದಲ್ಲಿ ಕೇಳಿದ್ದೀರಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ತುಂಬಾ ಅನುಕೂಲವಾಗಿದೆ, ನಿಜ. ದೂರದ ಊರಿಗೆ ನಾನೂ ಬಸ್ಸಲ್ಲೇ ಹೋಗುತ್ತೇನೆ. ಆದರೆ ದಿನದ ಓಡಾಟವೇ ಬೇರೆ. ಇಲ್ಲಿ ಮೈಸೂರಿನಲ್ಲಿ ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಡಬೇಕು, ಅತ್ತೆಯ ಬಿಪಿ ಮಾತ್ರೆ ತರಬೇಕು, ದೇವರಾಜ ಮಾರ್ಕೆಟ್‌ನಲ್ಲಿ ಸೊಪ್ಪು ತಗೊಂಡು ಟೈಮಿಗೆ ಸರಿಯಾಗಿ ಆಫೀಸು ಸೇರಬೇಕು. ಎಷ್ಟು ಬಸ್ ಬದಲಿಸೋದು? ಸ್ಕೂಟರ್ ಇದ್ದರೆ ಮುಂದಿನ ಕೊಕ್ಕೆಗೆ ಸೊಪ್ಪಿನ ಚೀಲ, ಸೀಟಿನಡಿ ಊಟದ ಡಬ್ಬಿ, ರೇನ್‌ಕೋಟು. ಹೊರಟರೆ ಆಯಿತು. "ಸ್ವಲ್ಪ ಬಿಟ್ಟು ಬರ್ತೀರಾ" ಅಂತ ಯಾರನ್ನೂ ಕೇಳಬೇಕಿಲ್ಲ.

ಅಮ್ಮನ ಕಾಲದಲ್ಲಿ ಮನೆಯ ಚೇತಕ್ ಅಪ್ಪನದು. ಕಿಕ್ ಹೊಡೆಯಬೇಕು, ಕೈಯಲ್ಲೇ ಗೇರ್ ಹಾಕಬೇಕು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾಗೆ ಗೇರ್ ಬದಲಿಸುವ ಕೆಲಸವಿಲ್ಲ, ಬಟನ್ ಒತ್ತಿದರೆ ಸ್ಟಾರ್ಟ್. ಆಮೇಲೆ ಸ್ಕೂಟಿ, ಆಕ್ಟಿವಾ ಬಂದವು. ಕಾಲಿಡೋ ಜಾಗ ಸಮ ಇರೋದರಿಂದ ಸೀರೆ ಉಟ್ಟವರಿಗೂ ಆರಾಮ.

ಇನ್ನು ಖುಷಿ! ಕೆಲಸ ಬೇಗ ಮುಗಿದ ಸಂಜೆ ಕುಕ್ಕರಹಳ್ಳಿ ಕೆರೆ ಕಡೆ ಸುಮ್ನೆ ಒಂದು ಸುತ್ತು ಹಾಕಿಕೊಂಡು ಬರುತ್ತೇನೆ. ಅದಕ್ಕೆ ಕಾರಣ ಬೇಕಾ? ಹೆಣ್ಣುಮಕ್ಕಳಿಗೆ 18 ತುಂಬಿದ ಕೂಡಲೇ ಲೈಸೆನ್ಸ್ ಮಾಡಿಸಿಕೊಡಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಇರಲಿ.